‘ವಿತನಂ’: ಒಂದು ಕ್ರಿಯಾಪದದ ಪೂರ್ವಚರಿತ್ರೆ

ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳಲ್ಲಿಯೇ ನಮ್ಮ ಹುಡುಗರು ಒಂದು ನಿಯಮವನ್ನು ಕಂಠಪಾಠ ಮಾಡುತ್ತಾರೆ. ವರ್ತಮಾನ ಕಾಲದಲ್ಲಿ ಕರ್ತೃವು ಪ್ರಥಮಪುರುಷ ಏಕವಚನದಲ್ಲಿದ್ದರೆ ಕ್ರಿಯಾಪದದ ಕೊನೆಗೆ ಒಂದು ಸಕಾರ ಬರಬೇಕು; ‘ಹೀ ಕಮ್ಸ್’ ಎನ್ನಬೇಕಲ್ಲದೆ ‘ಹೀ ಕಮ್’ ಎನ್ನಕೂಡದು. ಆ ಸಕಾರವನ್ನು ಮರೆತು ಬೆಂಚಿನ ಮೇಲೆ ನಿಂತವರು ಈ ಭಾಷಣವನ್ನು ಕೇಳುತ್ತಿರುವವರಲ್ಲಿಯೂ ಕೆಲವರಿರಬಹುದು. ಆದರೆ ಅದೇ ಹುಡುಗನು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ‘ಹೀ ಕ್ಯಾನ್ಸ್’, ‘ಹೀ ಶಲ್ಸ್’, ‘ಹೀ ಮೇಸ್’ ಎಂದನೋ, ಆಗಲೂ ಶಿಕ್ಷೆಯೇ. ಏಕೆ ಹೀಗೆಂದು ಕೇಳಿದರೆ ಉಪಾಧ್ಯಾಯರು ‘ಅದು ಅಪವಾದ’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಅಪವಾದವೆಂದು ನಾವು ಬಿಟ್ಟುಬಿಡುವ ಸಂಗತಿಗಳಲ್ಲಿ ಅನೇಕವು ಒಂದು ಕಾಲದಲ್ಲಿ ನಿಯಮಗಳೇ ಆಗಿದ್ದುವು.

‘ಕ್ಯಾನ್’, ‘ಶಲ್’, ‘ಮೇ’ ಇವು ಒಂದೇ ಮನೆತನಕ್ಕೆ ಸೇರಿದ ಕ್ರಿಯಾಪದಗಳು. ಆ ಮನೆತನದ ಹಿರಿಯನು ಇಂಗ್ಲಿಷಿನಲ್ಲಿ ಈಗ ಬದುಕಿಲ್ಲ; ಜರ್ಮನ್, ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಭಾಷೆಗಳಲ್ಲಿ ಇನ್ನೂ ದಿನಬಳಕೆಯಲ್ಲಿದ್ದಾನೆ. ‘ತಿಳಿ’, ‘ಬಲ್ಲನಾಗು’ ಎಂಬುದು ಅದರ ಅರ್ಥ. ಭಾಷಾಶಾಸ್ತ್ರಜ್ಞರು ಅದರ ಮೂಲರೂಪವನ್ನು ‘*ವಿತನಂ’ ಎಂದು ಬರೆಯುತ್ತಾರೆ. ಪದದ ಹಿಂದೆ ಇರುವ ಆ ನಕ್ಷತ್ರದ ಗುರುತಿಗೆ ಒಂದು ಅರ್ಥವುಂಟು. ಈ ಪದವನ್ನು ಯಾವ ಕಲ್ಲಿನ ಮೇಲೂ, ಯಾವ ಓಲೆಯ ಮೇಲೂ, ಯಾರೂ ಕಂಡಿಲ್ಲ. ಇದು ಊಹಿಸಿ ಕಟ್ಟಿದ ರೂಪ ಎಂದು ಆ ನಕ್ಷತ್ರವು ಓದುಗನಿಗೆ ಮುಂಚಿತವಾಗಿಯೇ ತಿಳಿಸುತ್ತದೆ. ಕಾಣದ ಪದವನ್ನು ತಿಳಿಯುವುದು ಹೇಗೆಂಬುದೇ ಈ ದಿನದ ವಿಷಯ. ಇದರಲ್ಲಿ ಒಂದು ವಿನೋದವೂ ಇದೆ. ಏಕೆಂದರೆ ಈ ಕ್ರಿಯಾಪದವೇ, ತನ್ನ ಹುಟ್ಟಿನ ಪ್ರಕಾರ, ಕಂಡದ್ದಲ್ಲದೆ ಬೇರೊಂದು ತಿಳಿವು ಇಲ್ಲವೆಂದು ಸಾರುವ ಪದ.

ಮೂಲಜರ್ಮಾನಿಕ್ ಎಂಬುದು ಇಂಗ್ಲಿಷ್, ಜರ್ಮನ್, ಡಚ್ ಮತ್ತು ಸ್ಕ್ಯಾಂಡಿನೇವಿಯದ ಭಾಷೆಗಳಿಗೆ ಸಮಾನವಾದ ತಾಯಿನುಡಿ. ಕ್ರಿಸ್ತಪೂರ್ವ ಸುಮಾರು ೫೦೦ರ ಈಚೆಗೆ, ಡೆನ್ಮಾರ್ಕ್, ದಕ್ಷಿಣ ಸ್ಕ್ಯಾಂಡಿನೇವಿಯ, ಉತ್ತರ ಜರ್ಮನಿ ಈ ಪ್ರದೇಶಗಳಲ್ಲಿ ಅದನ್ನು ಆಡುತ್ತಿದ್ದರೆಂದು ಸಾಮಾನ್ಯವಾಗಿ ನಂಬಲಾಗಿದೆ. ಆ ಜನರಿಗೆ ಬರೆಹವಿರಲಿಲ್ಲ. ಅವರ ವಂಶದ ಭಾಷೆಗಳಲ್ಲಿ ದೊಡ್ಡ ಗ್ರಂಥವೊಂದು ಮೊದಲು ದೊರೆಯುವುದು ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ. ಡಾನ್ಯೂಬ್ ನದಿಯ ತೀರದ ಗಾಥ್ ಜನರ ನಡುವೆ ಉಲ್ಫಿಲನೆಂಬ ಬಿಷಪ್ಪನು ಬೈಬಲನ್ನು ಗಾಥಿಕ್ ಭಾಷೆಗೆ ತಂದನು. ಅದಕ್ಕೆ ಬೇಕಾದ ಲಿಪಿಯನ್ನೂ ತಾನೇ ರಚಿಸಿದನು. ಸಾಮಾನ್ಯವಾಗಿ ೪೫೦ರ ಸುಮಾರಿನದೆಂದು ಹೇಳುವ ನಮ್ಮ ಹಲ್ಮಿಡಿ ಶಾಸನಕ್ಕೆ ಅದು ಸುಮಾರು ನೂರು ವರ್ಷ ಹಿರಿಯದೆಂದರೆ ಕಾಲದ ಅಂದಾಜು ನಮಗೆ ಸುಲಭವಾಗಿ ಸಿಕ್ಕುತ್ತದೆ. ಆ ಬೈಬಲಿನ ಅತ್ಯುತ್ತಮ ಪ್ರತಿಯು ಆರನೆಯ ಶತಮಾನದ ಆದಿಯಲ್ಲಿ ಇಟಲಿಯಲ್ಲಿ ಸಿದ್ಧವಾಯಿತು. ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಮತ್ತು ಚಿನ್ನದ ಮಸಿಯಿಂದ ಬರೆದುದರಿಂದ ಅದಕ್ಕೆ ರಜತಗ್ರಂಥವೆಂದು ಹೆಸರು. ಜರ್ಮನಿಯ ಒಂದು ಮಠದಲ್ಲಿದ್ದು, ಪ್ರಾಗ್ ನಗರಕ್ಕೆ ಹೋಗಿ, ೧೬೪೮ರಲ್ಲಿ ಸ್ವೀಡಿಷ್ ಸೈನಿಕರ ಕೊಳ್ಳೆಯಲ್ಲಿ ಸಿಕ್ಕಿ, ಕಡೆಗೆ ೧೬೬೯ರಲ್ಲಿ ಉಪ್ಸಾಲ ವಿಶ್ವವಿದ್ಯಾನಿಲಯವನ್ನು ಸೇರಿತು. ನಮ್ಮ ಕ್ರಿಯಾಪದದ ಅತಿ ಹಳೆಯ ಸಾಕ್ಷ್ಯವು ಈ ಗಾಥಿಕ್ ಭಾಷೆಯಲ್ಲಿದೆ.

ಆ ಸಾಕ್ಷ್ಯವನ್ನು ಕೇಳೋಣ. ಗಾಥಿಕ್ಕಿನಲ್ಲಿ ‘ನಾನು ಬಲ್ಲೆನು’ ಎಂಬುದಕ್ಕೆ ‘ವೈತ್’. ‘ಅವನು ಬಲ್ಲನು’ ಎಂಬುದಕ್ಕೂ ‘ವೈತ್’. ಬಹುವಚನಕ್ಕೆ ಹೋದರೆ ‘ನಾವು ಬಲ್ಲೆವು’ ‘ವಿತುಮ್’, ‘ಅವರು ಬಲ್ಲರು’ ‘ವಿತುನ್’. ಈಗ ಸಂಸ್ಕೃತದ ವಿದ್ ಧಾತುವಿನ ರೂಪಗಳನ್ನು ಜ್ಞಾಪಿಸಿಕೊಳ್ಳಿ. ‘ಅಹಂ ವೇದ’, ‘ಸ ವೇದ’. ಬಹುವಚನದಲ್ಲಿ ‘ವಯಂ ವಿದ್ಮ’, ‘ತೇ ವಿದುಃ’. ಹೋಮರನ ಗ್ರೀಕ್ ಭಾಷೆಯಲ್ಲಿ ‘ಓಯ್ದ’ ಎಂದರೆ ಬಲ್ಲೆನು, ‘ಇದ್ಮೆನ್’ ಎಂದರೆ ಬಲ್ಲೆವು. ಅಲ್ಲಿ ಆದಿಯ ವಕಾರವು ಬಿದ್ದುಹೋಗಿದೆ. ಏಕವಚನದಲ್ಲಿ ಗುಣ ಬಂದ ದೀರ್ಘ ರೂಪ, ಬಹುವಚನದಲ್ಲಿ ಗುಣವಿಲ್ಲದ ಹ್ರಸ್ವ ರೂಪ. ಮೂರು ಭಾಷೆಗಳೂ ಈ ಏರಿಳಿತವನ್ನು ಒಂದೇ ಕಡೆ ಮಾಡುತ್ತವೆ. ಅರ್ಥವೂ ಒಂದೇ. ಒಂದು ಪದವು ಇನ್ನೊಂದನ್ನು ಹೋಲುವುದು ಆಕಸ್ಮಿಕವಾಗಿರಬಹುದು. ಒಂದು ಭಾಷೆಯು ಇನ್ನೊಂದರಿಂದ ಪದವನ್ನು ಸಾಲ ಪಡೆದಿರಲೂಬಹುದು. ಆದರೆ ಕ್ರಿಯಾಪದವೊಂದರ ಇಡೀ ರೂಪಾವಳಿ, ಅದರ ವಕ್ರತೆಗಳ ಸಹಿತ, ಉಪ್ಸಾಲದ ಹಾಳೆಗಳಲ್ಲಿಯೂ ವೇದಪಾಠಿಗಳ ಬಾಯಲ್ಲಿಯೂ ಹೊಂದಿಕೊಂಡಿರುವುದನ್ನು ಆಕಸ್ಮಿಕವೆಂದು ಹೇಳುವುದು ಸಾಧ್ಯವಿಲ್ಲ.

೧೭೮೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್ ಈ ಭಾಷೆಗಳ ಬಾಂಧವ್ಯವನ್ನು ಸೂಚಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಅದಕ್ಕಿಂತ ಮುಖ್ಯವಾದ ವರ್ಷ ೧೮೧೬ ಎಂದು ನನ್ನ ಅಭಿಪ್ರಾಯ. ಫ಼್ರಾನ್ಜ಼್ ಬಾಪ್ ಎಂಬ ಜರ್ಮನ್ ಯುವಕನು ಆ ವರ್ಷ ಪ್ರಕಟಿಸಿದ ಪುಸ್ತಕದಲ್ಲಿ ಪದಗಳ ಪಟ್ಟಿಯನ್ನು ಬದಿಗಿಟ್ಟು, ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪಾರಸಿ ಮತ್ತು ಜರ್ಮಾನಿಕ್ ಭಾಷೆಗಳ ಕ್ರಿಯಾಪದ ರೂಪಾವಳಿಗಳನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಿದನು. ಸೂಚನೆಯು ಶಾಸ್ತ್ರವಾದದ್ದು ಅಲ್ಲಿಂದ ಮುಂದೆ.

ಸಂಸ್ಕೃತದ ದಕಾರವು ಗಾಥಿಕ್ಕಿನಲ್ಲಿ ತಕಾರವಾಗಿರುವುದೇಕೆ ಎಂಬ ಪ್ರಶ್ನೆ ಉಳಿಯಿತು. ಡೆನ್ಮಾರ್ಕಿನ ರಾಸ್ಕ್ ೧೮೧೮ರಲ್ಲಿಯೂ ಜರ್ಮನಿಯ ಯಾಕೋಬ್ ಗ್ರಿಮ್ ೧೮೨೨ರಲ್ಲಿಯೂ ಇದಕ್ಕೆ ಉತ್ತರ ಕೊಟ್ಟರು. ಮೂಲಜರ್ಮಾನಿಕ್ ಭಾಷೆಯು ತನ್ನ ಬಂಧುಗಳಿಂದ ಬೇರ್ಪಟ್ಟ ಬಳಿಕ ಅದರ ಸ್ಪರ್ಶವ್ಯಂಜನಗಳೆಲ್ಲವೂ ಒಂದು ಕ್ರಮದಲ್ಲಿ ಸ್ಥಾನ ಬದಲಾಯಿಸಿದುವು. ನಮ್ಮ ‘ಪಾದ’ ಇಂಗ್ಲಿಷಿನಲ್ಲಿ ‘ಫ಼ುಟ್’ ಆಯಿತು. ಪಕಾರವು ಫ಼ಕಾರವಾಯಿತು, ದಕಾರವು ಟಕಾರವಾಯಿತು. ‘ದಶ’ ಎಂಬುದಕ್ಕೆ ‘ಟೆನ್’, ‘ದ್ವಿ’ ಎಂಬುದಕ್ಕೆ ‘ಟೂ’. ಈ ಕ್ರಮದ ಪ್ರಕಾರ ‘ವಿದ್’ ಎಂಬುದು ‘ವಿತ್’ ಆಗಲೇಬೇಕು. ಆಗದಿದ್ದಿದ್ದರೆ ನಾವು ಸಂಶಯಪಡಬೇಕಾಗಿತ್ತು. ಜನಪದ ಕಥೆಗಳನ್ನು ತಮ್ಮನೊಡನೆ ಸಂಗ್ರಹಿಸಿ ಮಕ್ಕಳಿಗೆ ಬಂಧುವಾದ ಗ್ರಿಮ್ ಮಹಾಶಯನೇ ಈ ನಿಯಮಕ್ಕೂ ಹೆಸರು ಕೊಟ್ಟವನೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

‘ವೇದ’ ಮತ್ತು ‘ವಿದ್ಮ’ ಇವುಗಳ ನಡುವಣ ಸ್ವರಭೇದಕ್ಕೆ ಕಾರಣವನ್ನು ಕೊಟ್ಟುದು ವೈದಿಕ ಸಂಸ್ಕೃತದ ಉದಾತ್ತಸ್ವರ. ಏಕವಚನದಲ್ಲಿ ಉದಾತ್ತವು ಧಾತುವಿನ ಮೇಲೆ ಬೀಳುತ್ತದೆ, ಬಹುವಚನದಲ್ಲಿ ಪ್ರತ್ಯಯದ ಮೇಲೆ. ಒತ್ತು ಬಿದ್ದ ಕಡೆ ಸ್ವರವು ತುಂಬಿ ನಿಂತಿತು, ಒತ್ತು ತಪ್ಪಿದ ಕಡೆ ಕುಗ್ಗಿತು. ಜರ್ಮಾನಿಕ್ ಭಾಷೆಗಳು ಆ ಹಳೆಯ ಉದಾತ್ತವನ್ನು ಬಿಟ್ಟು ಪದದ ಮೊದಲಕ್ಷರಕ್ಕೇ ಒತ್ತು ಕೊಡತೊಡಗಿದುವು. ಆದರೆ ಅದು ಮಾಡಿಹೋದ ಗುರುತು ‘ವೈತ್’, ‘ವಿತುಮ್’ ಎಂಬ ರೂಪಗಳಲ್ಲಿ ಉಳಿದಿದೆ. ಗ್ರಿಮ್ ನಿಯಮಕ್ಕೆ ಎದುರಾಗಿದ್ದ ಒಂದು ದೊಡ್ಡ ಗುಂಪಿನ ಅಪವಾದಗಳನ್ನೂ ಇದೇ ಉದಾತ್ತಸ್ವರದ ಸಹಾಯದಿಂದ ಡೆನ್ಮಾರ್ಕಿನ ಕಾರ್ಲ್ ವರ್ನರ್ ೧೮೭೭ರಲ್ಲಿ ಬಿಡಿಸಿದನು. ನಮ್ಮ ಘನಪಾಠಿಗಳು ಅಕ್ಷರಕ್ಕೊಂದು ಸ್ವರ ತಪ್ಪದಂತೆ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದುದು ಇಂಥ ಉಪಯೋಗಕ್ಕಾಗಿ ಅಲ್ಲ. ಆದರೂ ಅವರ ಶ್ರಮವಿಲ್ಲದಿದ್ದರೆ ಇಂಗ್ಲಿಷ್ ಮತ್ತು ಜರ್ಮನ್ ವ್ಯಾಕರಣದ ಅನೇಕ ಗಂಟುಗಳು ಗಂಟುಗಳಾಗಿಯೇ ಉಳಿಯುತ್ತಿದ್ದುವು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ‘ವೇದ’ ಎಂಬುದು ವರ್ತಮಾನಾರ್ಥದ ರೂಪ. ‘ಬಲ್ಲೆನು, ಬಲ್ಲನು’ ಎಂದು ಅದರ ಅರ್ಥ. ಆದರೆ ಅದರ ಪ್ರತ್ಯಯಗಳು ವರ್ತಮಾನದವಲ್ಲ. ಪರೋಕ್ಷಭೂತದವು, ಎಂದರೆ ಲಿಟ್ ಲಕಾರದವು. ಇದನ್ನು ಮೊದಲು ಗಮನಿಸಿದವರು ಜರ್ಮನ್ ಪಂಡಿತರಲ್ಲ. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ ನಾಲ್ಕನೆಯ ಪಾದದಲ್ಲಿ ಪಾಣಿನಿಯು ೮೨ನೆಯ ಸೂತ್ರದಲ್ಲಿ ಲಿಟ್ಟಿನ ಪ್ರತ್ಯಯಗಳನ್ನು ಹೇಳಿ, ಮರುಸೂತ್ರದಲ್ಲಿಯೇ ವಿದ್ ಧಾತುವಿಗೆ ವರ್ತಮಾನದಲ್ಲಿಯೂ ಅವೇ ಪ್ರತ್ಯಯಗಳು ವಿಕಲ್ಪವಾಗಿ ಬರುತ್ತವೆಂದು ವಿಧಿಸುತ್ತಾನೆ. ವಿಕಲ್ಪವೆಂದುದರಿಂದ ‘ವೇತ್ತಿ, ವಿದಂತಿ’ ಎಂಬ ಸಾಮಾನ್ಯ ರೂಪಗಳೂ ಆಗ ಬಳಕೆಯಲ್ಲಿದ್ದುವೆಂದು ಸ್ಪಷ್ಟ. ಏಕೆ ಹೀಗೆಂದು ಆತನು ಹೇಳುವುದಿಲ್ಲ. ಸೂತ್ರಕಾರನ ಕೆಲಸ ಕಾರಣ ಹೇಳುವುದಲ್ಲ. ಆದರೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಆತನ ಕಣ್ಣು ಸರಿಯಾದ ಜಾಗದ ಮೇಲೆ ಬಿದ್ದಿತ್ತು.

ಇನ್ನೊಂದು ವೈಚಿತ್ರ್ಯವಿದೆ. ಲಿಟ್ಟಿನಲ್ಲಿ ಧಾತುವು ಇಮ್ಮಡಿಯಾಗಬೇಕು: ಕೃ ‘ಚಕಾರ’ವಾಗುತ್ತದೆ, ದೃಶ್ ‘ದದರ್ಶ’ವಾಗುತ್ತದೆ. ‘ವೇದ’ ಮಾತ್ರ ಇಮ್ಮಡಿಯಾಗುವುದಿಲ್ಲ. ಗ್ರೀಕಿನ ‘ಓಯ್ದ’ವೂ ಹಾಗೆಯೇ, ಗಾಥಿಕ್ಕಿನ ‘ವೈತ್’ ಕೂಡ ಹಾಗೆಯೇ. ಮೂರು ಭಾಷೆಗಳಲ್ಲಿಯೂ ಒಂದೇ ಪದವು ಒಂದೇ ನಿಯಮವನ್ನು ಮೀರಿದೆ. ತಂದೆಯ ಮುಖದ ಮಚ್ಚೆಯು ಮೂವರು ಮಕ್ಕಳಲ್ಲಿಯೂ ಕಂಡಂತೆ ಇದು. ಈ ಮೀರುವಿಕೆಯು ಮೂಲಭಾಷೆಯಲ್ಲಿಯೇ ಇತ್ತೆಂದು ಹೇಳದೆ ಗತ್ಯಂತರವಿಲ್ಲ.

ಭೂತಕಾಲದ ರೂಪಕ್ಕೆ ವರ್ತಮಾನದ ಅರ್ಥ ಹೇಗೆ ಬಂದಿತು? ಇದಕ್ಕೆ ಉತ್ತರವು ಧಾತುವಿನ ಮೂಲಾರ್ಥದಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ಇದೇ ಧಾತುವಿನ ‘ವಿದೇರೆ’ ಎಂಬ ಪದಕ್ಕೆ ‘ನೋಡು, ಕಾಣು’ ಎಂದರ್ಥ. ಇಂಗ್ಲಿಷಿನ ‘ವಿಷನ್’ ಅಲ್ಲಿಂದ ಬಂದುದು. ಗ್ರೀಕಿನಲ್ಲಿ ‘ಏಯ್ದೊನ್’ ಎಂದರೆ ‘ಕಂಡೆನು’, ‘ಓಯ್ದ’ ಎಂದರೆ ‘ಬಲ್ಲೆನು’. ಎರಡೂ ಒಂದೇ ಧಾತುವಿನವು. ರಷ್ಯನ್ ಭಾಷೆಯಲ್ಲಿ ‘ವಿದೆತ್’ ಕಾಣುವುದಕ್ಕೆ, ‘ವೇದತ್’ ತಿಳಿಯುವುದಕ್ಕೆ. ಆದುದರಿಂದ ಮೂಲಭಾಷೆಯಲ್ಲಿ ಈ ಧಾತುವಿಗೆ ಕಾಣುವುದೇ ಅರ್ಥವಾಗಿತ್ತು. ಆ ಭಾಷೆಯ ಲಿಟ್ಟು, ಕ್ರಿಯೆ ಮುಗಿದ ಬಳಿಕ ಕರ್ತೃವಿನಲ್ಲಿ ಉಳಿಯುವ ಸ್ಥಿತಿಯನ್ನು ಹೇಳುತ್ತಿತ್ತು. ‘ಕಂಡವನಾಗಿದ್ದೇನೆ’ ಎಂದರೆ ಈಗ ‘ಬಲ್ಲೆನು’ ಎಂದೇ ಅರ್ಥವಾಯಿತು. ಇದು ನಮಗೆ ಅಪರಿಚಿತವಾದ ನಡೆಯಲ್ಲ. ‘ಕಂಡಿದ್ದೇನೆ’ ಎಂಬ ಪದವನ್ನೇ ನಾವು ಬಿಡಿಸಿದರೆ ‘ಕಂಡು ಇದ್ದೇನೆ’ ಎಂದಾಗುತ್ತದೆ. ಜಗಳದಲ್ಲಿ ‘ನಿನ್ನ ಬಂಡವಾಳ ಕಂಡಿದ್ದೇನೆ, ಹೋಗು’ ಎನ್ನುವವನು ಹಿಂದೆ ಎಂದೋ ನೋಡಿದ ಸಂಗತಿಯನ್ನು ವರದಿ ಮಾಡುತ್ತಿಲ್ಲ. ಈಗ ಚೆನ್ನಾಗಿ ಬಲ್ಲೆನೆಂದು ಹೇಳುತ್ತಿದ್ದಾನೆ. ಕನ್ನಡವು ದ್ರಾವಿಡ ಕುಲದ ಭಾಷೆ. ಅದಕ್ಕೂ ಗಾಥಿಕ್ಕಿಗೂ ರಕ್ತಸಂಬಂಧವಿಲ್ಲ. ಇಲ್ಲಿರುವುದು ಮನುಷ್ಯರ ಆಲೋಚನೆಯ ಸಾಮ್ಯ ಮಾತ್ರ.

ಜರ್ಮಾನಿಕ್ ಜನರು ಈ ಹುಟ್ಟನ್ನು ಬೇಗನೆ ಮರೆತಂತೆ ತೋರುತ್ತದೆ. ಕಾಣುವುದಕ್ಕೆ ಅವರು ಬೇರೊಂದು ಕ್ರಿಯಾಪದವನ್ನು ಹಿಡಿದರು. ಅದೇ ಇಂಗ್ಲಿಷಿನ ‘ಸೀ’. ‘*ವಿತನಂ’ ಎಂಬುದಕ್ಕೆ ತಿಳಿವು ಮಾತ್ರ ಉಳಿಯಿತು. ಆದರೆ ಮನೆಯ ಒಂದು ಮೂಲೆಯಲ್ಲಿ ಹಳೆಯ ಅರ್ಥದ ಒಂದು ಚೂರು ಬಿದ್ದಿದ್ದಿತು. ಗಾಥಿಕ್ಕಿನಲ್ಲಿ ಇದೇ ಧಾತುವಿನ ಇನ್ನೊಂದು ಕ್ರಿಯಾಪದವುಂಟು. ಅದರ ಅರ್ಥ ‘ನೋಡಿಕೊಳ್ಳು, ಕಾವಲಿರು’. ನಾರ್ವೆಯ ಟೂನೆ ಎಂಬಲ್ಲಿಯ ಶಿಲಾಶಾಸನವು ಸುಮಾರು ಕ್ರಿಸ್ತಶಕ ೪೦೦ರದು; ಅದರ ರೂನ್ ಲಿಪಿಯ ಬರೆಹದಲ್ಲಿ ಒಬ್ಬ ಯಜಮಾನನನ್ನು ‘ರೊಟ್ಟಿಯನ್ನು ಕಾಯುವವನು’ ಎಂಬರ್ಥದ ಸಮಾಸದಿಂದ ಕರೆದಿದೆ, ಮತ್ತು ಅದರ ಪೂರ್ವಪದವು ಈ ಕ್ರಿಯಾಪದವೇ ಎಂದು ಪಂಡಿತರು ಓದುತ್ತಾರೆ. ಅನ್ನವನ್ನು ಕಣ್ಣಿಟ್ಟು ಕಾಯುವವನೇ ಒಡೆಯ. ಇಂಗ್ಲಿಷಿನ ‘ಲಾರ್ಡ್’ ಎಂಬ ಪದವೂ ಹಳೆಯ ಇಂಗ್ಲಿಷಿನಲ್ಲಿ ‘ರೊಟ್ಟಿಯ ಕಾವಲುಗಾರ’ ಎಂಬ ಸಮಾಸವೇ ಆಗಿತ್ತು, ಅಲ್ಲಿ ಕಾಯುವುದಕ್ಕೆ ಬೇರೆ ಪದವಿದ್ದರೂ ಸಹ.

ಗಾಥಿಕ್ಕಿನಲ್ಲಿರುವ ಇನ್ನೊಂದು ಪದವನ್ನು ನಾನು ಬಿಟ್ಟುಬಿಡಲಾರೆ. ಅದು ‘ವೀತ್ವೋಥ್ಸ್’, ಅರ್ಥ, ‘ಸಾಕ್ಷಿ’. ಇದು ನಮ್ಮ ಕ್ರಿಯಾಪದದ ಹಳೆಯ ಕೃದಂತ. ಸಂಸ್ಕೃತದಲ್ಲಿ ಅದರ ಒಡಹುಟ್ಟು ಯಾವುದೆಂದರೆ ‘ವಿದ್ವಸ್’ ಎಂಬ ಕೃದಂತ, ಎಂದರೆ ನಾವು ದಿನವೂ ಆಡುವ ‘ವಿದ್ವಾಂಸ’. ಅದೂ ಲಿಟ್ಟಿನ ಕೃದಂತವೇ, ಅದೂ ಇಮ್ಮಡಿಯಾಗದ ರೂಪವೇ. ಒಂದೇ ಪದವು ಭಾರತದಲ್ಲಿ ಶಾಸ್ತ್ರ ಬಲ್ಲವನಾಯಿತು, ಡಾನ್ಯೂಬ್ ತೀರದಲ್ಲಿ ನ್ಯಾಯಸ್ಥಾನದ ಸಾಕ್ಷಿಯಾಯಿತು. ಇಬ್ಬರ ಹಕ್ಕೂ ಒಂದೇ ಆಧಾರದ ಮೇಲೆ ನಿಂತಿದೆ: ಅವನು ಕಂಡವನು. ನಮ್ಮ ‘ಸಾಕ್ಷಿ’ ಎಂಬ ಪದದೊಳಗೂ ‘ಅಕ್ಷಿ’ಯಿದೆ, ಎಂದರೆ ಕಣ್ಣಿದೆ. ಗ್ರೀಕರಲ್ಲಿಯೂ ಇದೇ ಧಾತುವಿನಿಂದ ‘ಹಿಸ್ತೋರ್’ ಎಂಬ ಪದವು ಹುಟ್ಟಿ, ವ್ಯಾಜ್ಯದಲ್ಲಿ ತೀರ್ಪು ಹೇಳಬಲ್ಲವನನ್ನು ಸೂಚಿಸಿತು. ಅವನು ಮಾಡುವ ವಿಚಾರಣೆಯು ‘ಹಿಸ್ತೋರಿಯ’ ಎನಿಸಿತು. ಹೆರೊಡೋಟಸನು ತನ್ನ ಗ್ರಂಥಕ್ಕೆ ಆ ಪದವನ್ನು ಬಳಸಿದ ಮೇಲೆ ಅದು ಚರಿತ್ರೆಯ ಹೆಸರಾಯಿತು.

ವರ್ತಮಾನಕ್ಕೆ ಭೂತರೂಪವನ್ನೇ ಖರ್ಚು ಮಾಡಿಬಿಟ್ಟ ಮೇಲೆ ‘ತಿಳಿದಿದ್ದೆನು’ ಎಂದು ಹೇಳುವುದು ಹೇಗೆ? ಮೂಲಜರ್ಮಾನಿಕ್ ಭಾಷೆಯು ಅದಕ್ಕೆ ಹೊಸ ಭೂತರೂಪವನ್ನು ಮಾಡಿಕೊಂಡಿತು. ಧಾತುವಿಗೆ ದಂತ್ಯಾಕ್ಷರದ ಪ್ರತ್ಯಯವೊಂದನ್ನು ಹಚ್ಚುವುದು ಆ ಭಾಷೆಯ ಕ್ರಮ. ‘ಲವ್’ ಎಂಬುದು ‘ಲವ್ಡ್’ ಆಗುವುದು ಆ ಕ್ರಮದಿಂದಲೇ. ಇಲ್ಲಿ ಧಾತುವಿನ ದಂತ್ಯವೂ ಪ್ರತ್ಯಯದ ದಂತ್ಯವೂ ಎದುರುಬದುರಾದುವು. ಸಂಸ್ಕೃತದಲ್ಲಿ ‘ವೇದ್’ ಮತ್ತು ‘ತಿ’ ಸೇರಿ ‘ವೇತ್ತಿ’ ಆಗುತ್ತದೆ. ಜರ್ಮಾನಿಕ್ಕಿನಲ್ಲಿ ಅಂಥ ಸಂಧಿಗೆ ಸಕಾರದ ದ್ವಿತ್ವ ಬರುತ್ತದೆ. ಆದುದರಿಂದ ಗಾಥಿಕ್ಕಿನಲ್ಲಿ ‘ವಿಸ್ಸ’ ಎಂದರೆ ತಿಳಿದಿದ್ದೆನು. ಜರ್ಮನ್ ಭಾಷೆಯಲ್ಲಿ ‘ನಿಶ್ಚಯ’ ಎಂಬರ್ಥದ ‘ಗೆವಿಸ್’ ಎಂಬ ಪದವು ಈ ಸಂಧಿಯ ಹಳೆಯ ಕೃದಂತ, ತಿಳಿದದ್ದೇ ನಿಶ್ಚಯವಾದದ್ದು. ಇದೇ ಮನೆತನದ ಇತರರೂ ಇದೇ ದಾರಿ ಹಿಡಿದರು: ‘ಕ್ಯಾನ್’ಗೆ ‘ಕುಡ್’, ‘ಶಲ್’ಗೆ ‘ಶುಡ್’, ‘ಮೇ’ಗೆ ‘ಮೈಟ್’. ‘ಕುಡ್’ ಎಂಬುದರ ಬರೆಹದಲ್ಲಿರುವ ಎಲ್ ಅಕ್ಷರವು ‘ಶುಡ್’, ‘ವುಡ್’ಗಳನ್ನು ನೋಡಿ ಸೇರಿಸಿದ ಅಲಂಕಾರ, ಅಲ್ಲಿ ಅದಕ್ಕೆ ಯಾವ ಹಕ್ಕೂ ಇಲ್ಲ.

ಹುಡುಗನ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ವರ್ತಮಾನದ ಪ್ರಥಮಪುರುಷದಲ್ಲಿ ಮೂಲಭಾಷೆಗೆ ತಕಾರದ ಪ್ರತ್ಯಯವಿತ್ತು. ಸಂಸ್ಕೃತದ ‘ಭರತಿ’ಯಲ್ಲಿರುವುದು ಅದೇ, ಹಳೆಯ ಇಂಗ್ಲಿಷಿನಲ್ಲಿ ‘ಥ್’ ಆದುದು ಅದೇ, ಅದರ ಸ್ಥಾನವನ್ನು ಮುಂದೆ ಸಕಾರವು ಹಿಡಿಯಿತು. ಲಿಟ್ಟಿನ ಪ್ರಥಮಪುರುಷಕ್ಕೆ ಆ ಪ್ರತ್ಯಯವಿರಲಿಲ್ಲ. ‘ಕ್ಯಾನ್’, ‘ಶಲ್’, ‘ಮೇ’ ಇವು ಹುಟ್ಟಿನಿಂದ ಲಿಟ್ಟುಗಳಾದುದರಿಂದ ಇವಕ್ಕೆ ಸಕಾರವು ಬರಲಿಲ್ಲ. ಜರ್ಮನ್ನಿನಲ್ಲಿ ‘ಅವನು ಬರುತ್ತಾನೆ’ ಎಂಬುದು ‘ಏರ್ ಕೊಮ್ಟ್’. ‘ಅವನು ಬಲ್ಲನು’ ಎಂಬುದು ಟಕಾರವಿಲ್ಲದ ‘ಏರ್ ವೈಸ್’. ಇನ್ನು ‘ಕ್ಯಾನ್’ ಎಂಬುದು ಸಂಸ್ಕೃತದ ಜ್ಞಾ ಧಾತುವಿನ ಬಂಧು. ಮೊದಲು ಅದಕ್ಕೂ ತಿಳಿಯುವುದೇ ಅರ್ಥ, ಬಳಿಕ ‘ಮಾಡಲು ಬಲ್ಲನು’ ಎಂಬ ಸಾಮರ್ಥ್ಯಾರ್ಥ. ನಮ್ಮ ‘ಬಲ್ಲನು’ ಎಂಬುದೂ ಹೀಗೆಯೇ ಎರಡು ಕೆಲಸ ಮಾಡುತ್ತದೆ: ‘ಅವನು ಸಂಗೀತ ಬಲ್ಲನು’, ‘ಅವನು ಹಾಡಬಲ್ಲನು’. ಕಾಲಸೂಚಕ ಪ್ರತ್ಯಯವು ಅದಕ್ಕೂ ಇಲ್ಲ. ಸಂಬಂಧವಿಲ್ಲದ ಎರಡು ಕುಲಗಳು ಒಂದೇ ದಾರಿಯಲ್ಲಿ ನಡೆದುದಕ್ಕೆ ಇದು ಇನ್ನೊಂದು ನಿದರ್ಶನ.

ಜರ್ಮನಿಯಲ್ಲಿ ನಮ್ಮ ಕ್ರಿಯಾಪದವು ‘ವಿಸ್ಸೆನ್’ ಎಂಬ ರೂಪದಲ್ಲಿ ಸುಖವಾಗಿ ಬಾಳುತ್ತಿದೆ. ಶಾಸ್ತ್ರಕ್ಕೆ ‘ವಿಸ್ಸೆನ್‌ಶಾಫ಼್ಟ್’ ಎಂದೂ ಅಂತಃಸಾಕ್ಷಿಗೆ ‘ಗೆವಿಸ್ಸೆನ್’ ಎಂದೂ ಹೆಸರಾಗಿದೆ. ಇಂಗ್ಲೆಂಡಿನಲ್ಲಿ ಅದರ ಕಥೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ದೊಡ್ಡ ಮರ್ಯಾದೆಯಿತ್ತು. ಆಂಗ್ಲೋ-ಸ್ಯಾಕ್ಸನ್ ಅರಸರಿಗೆ ಆಲೋಚನೆ ಹೇಳುವ ಹಿರಿಯರನ್ನು ‘ವಿತನ್’, ಎಂದರೆ ಬಲ್ಲವರು, ಎಂದು ಕರೆಯುತ್ತಿದ್ದರು. ೧೦೬೬ರ ನಾರ್ಮನ್ ವಿಜಯದ ಬಳಿಕ ಆ ಸಭೆಯು ಹೋಯಿತು. ಕ್ರಿಯಾಪದವು ಇನ್ನೂ ಐದಾರು ನೂರು ವರ್ಷ ಜೀವ ಹಿಡಿದುಕೊಂಡಿತು. ಆದರೆ ‘ವಿಟ್’, ‘ವಾಟ್’, ‘ವಿಸ್ಟ್’ ಎಂದು ಒಂದೇ ಪದಕ್ಕೆ ಮೂರು ಮುಖಗಳು. ಪಕ್ಕದಲ್ಲಿಯೇ ‘ನೋ’ ಎಂಬ ಇನ್ನೊಂದು ಕ್ರಿಯಾಪದವು ಅದೇ ಅರ್ಥಕ್ಕೆ ಕೈಚಾಚುತ್ತಿತ್ತು. ಜರ್ಮನರು ಸಂಗತಿಯನ್ನು ತಿಳಿಯುವುದಕ್ಕೆ ಒಂದು ಪದ, ಜನರನ್ನು ಬಲ್ಲುದಕ್ಕೆ ಇನ್ನೊಂದು ಪದ ಎಂದು ಭೇದವಿಟ್ಟುಕೊಂಡರು. ಇಂಗ್ಲಿಷರು ಎರಡಕ್ಕೂ ‘ನೋ’ ಎಂಬ ಒಂದೇ ಪದದಿಂದ ತೃಪ್ತರಾದರು. ಇದು ನಷ್ಟವೆಂದೇ ನನಗೆ ತೋರುತ್ತದೆ.

ಸಾಯುವ ಮೊದಲು ಆ ಪದಕ್ಕೆ ಬುದ್ಧಿ ಭ್ರಮಿಸಿದ ಗುರುತುಗಳೂ ಉಂಟು. ೧೬೧೧ರ ಬೈಬಲ್ ಅನುವಾದದಲ್ಲಿ ಯೋಸೇಫನ ಕಥೆಯ ಒಂದು ಕಡೆ ‘ವಾಟೆಥ್’ ಎಂದಿದೆ. ಲಿಟ್ಟಿಗೆ ಸಲ್ಲದ ‘ಥ್’ ಪ್ರತ್ಯಯವನ್ನು ಆ ಪಂಡಿತರು ಹಚ್ಚಿದ್ದಾರೆ; ಎಂದರೆ ಪದದ ಹಳೆಯ ಸ್ವಭಾವವು ಆ ವೇಳೆಗೆ ವಿದ್ವಾಂಸರ ಕಿವಿಗೂ ಕೇಳುತ್ತಿರಲಿಲ್ಲ. ಇನ್ನೂ ವಿನೋದವಾದದ್ದು ‘ಇವಿಸ್’ ಎಂಬ ಅವ್ಯಯದ ಕಥೆ. ಇದು ಜರ್ಮನ್ನಿನ ‘ಗೆವಿಸ್’ ಎಂಬುದರ ಇಂಗ್ಲಿಷ್ ಸೋದರ; ಅರ್ಥ, ‘ನಿಶ್ಚಯವಾಗಿ’. ಬರೆಹಗಾರರು ಅದನ್ನು ಒಡೆದು ‘ಐ ವಿಸ್’ ಎಂದು ಎರಡು ಪದಗಳಾಗಿ ಬರೆದರು. ಹಿಂದಿನ ಕಾಲದ ಸೊಗಸಿಗಾಗಿ ಅದನ್ನು ಬಳಸಿದ ಕವಿಗಳು ‘ನಾನು ಬಲ್ಲೆ’ ಎಂದು ಅದಕ್ಕೆ ಅರ್ಥ ಮಾಡಿಕೊಂಡರು. ಹೀಗೆ ಎಂದೂ ಇಲ್ಲದ ಒಂದು ಕ್ರಿಯಾಪದವು ಕಾವ್ಯದಲ್ಲಿ ಹುಟ್ಟಿಕೊಂಡಿತು. ಈಗ ಉಳಿದಿರುವುದು ಕ್ರಿಯಾಪದದ ಬಂಧುಬಳಗ: ‘ವೈಸ್’, ‘ವಿಜ಼್ಡಮ್’, ‘ವಿಟ್‌ನೆಸ್’, ವಕೀಲರ ಬರೆಹದ ‘ಟು ವಿಟ್’. ‘ವಿಟ್’ ಎಂಬ ನಾಮಪದವು ಬುದ್ಧಿಯಿಂದ ಚಮತ್ಕಾರಕ್ಕೂ ಚಮತ್ಕಾರದಿಂದ ಹಾಸ್ಯಕ್ಕೂ ಇಳಿಯಿತು. ನಮ್ಮಲ್ಲಿ ಇದೇ ಧಾತುವು ವಿದ್ಯೆ, ಕೋವಿದ, ಆಯುರ್ವೇದ ಎಂಬ ಸಂಸ್ಕೃತ ಪದಗಳಾಗಿ ಕನ್ನಡಕ್ಕೆ ಬಂದಿತು. ಹಳಗನ್ನಡವು ವಿದ್ಯೆಯನ್ನು ‘ಬಿಜ್ಜೆ’ಯಾಗಿಸಿ ತನ್ನದನ್ನಾಗಿಯೂ ಮಾಡಿಕೊಂಡಿತು.

ಈ ಸಂಬಂಧಗಳನ್ನು ಕೇಳಿದವರು ಕೆಲವರು ಅದರಿಂದ ರಕ್ತದ ಕಥೆಯನ್ನು ಹೊಸೆಯಲು ಹೊರಡುತ್ತಾರೆ. ಅದು ಅಪಾಯದ ದಾರಿ. ಭಾಷೆಯ ವಂಶವೃಕ್ಷವು ಜನಾಂಗದ ವಂಶವೃಕ್ಷವಲ್ಲ. ತಲೆಬುರುಡೆಯ ಆಕಾರದಿಂದ ವ್ಯಾಕರಣವನ್ನು ವರ್ಗೀಕರಿಸುವುದು ಎಷ್ಟು ಅಸಂಬದ್ಧವೋ ಆರ್ಯರಕ್ತದ ಮಾತೂ ಅಷ್ಟೇ ಅಸಂಬದ್ಧವೆಂಬ ಅಭಿಪ್ರಾಯವನ್ನು ಮ್ಯಾಕ್ಸ್ ಮುಲ್ಲರ್ ೧೮೮೮ರಲ್ಲಿಯೇ ಸ್ಪಷ್ಟಪಡಿಸಿದ್ದನು. ೧೯೩೩ರಿಂದ ೧೯೪೫ರವರೆಗೆ ಜರ್ಮನಿಯನ್ನು ಆಳಿದವರು ಆ ಎಚ್ಚರಿಕೆಯನ್ನು ತುಳಿದು ‘ಆರ್ಯ’ ಎಂಬ ಪದವನ್ನು ಕೊಲೆಯ ಸಾಧನವಾಗಿ ಮಾಡಿಕೊಂಡರು. ‘ವೇದ’ಕ್ಕೂ ‘ವೈತ್’ಗೂ ಇರುವ ಸಂಬಂಧವು ಒಂದು ರೂಪಾವಳಿಯ ಸಂಬಂಧ, ಅದು ಹೇಳುವುದಕ್ಕಿಂತ ಒಂದಕ್ಷರವನ್ನೂ ನಾವು ಹೆಚ್ಚಾಗಿ ಹೇಳಿಸಕೂಡದು.

ಹಾಗಾದರೆ ಆ ನಕ್ಷತ್ರದ ಗುರುತಿನ ಪದವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಆ ಗುರುತನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದ ಆಗಸ್ಟ್ ಶ್ಲೈಖರನು ೧೮೬೮ರಲ್ಲಿ ಮೂಲಭಾಷೆಯಲ್ಲಿಯೇ ಒಂದು ಕುರಿಯ ಮತ್ತು ಕುದುರೆಗಳ ನೀತಿಕಥೆಯನ್ನು ಬರೆದನು. ಹರ್ಟ್ ಎಂಬ ಪಂಡಿತನು ಅದನ್ನು ತಿದ್ದಿ ಬರೆದ ರೂಪವು ೧೯೩೯ರಲ್ಲಿ ಪ್ರಕಟವಾದಾಗ ಒಂದು ಪದವೂ ಹಳೆಯದರಂತೆ ಕಾಣಲಿಲ್ಲವೆಂದರೆ ಉತ್ಪ್ರೇಕ್ಷೆ ಸ್ವಲ್ಪವೇ. ಅನಂತರ ಇನ್ನೂ ಅನೇಕರು ತಿದ್ದಿದರು. ೧೯೧೫ರಲ್ಲಿ ಹ್ರೋಜ಼್ನಿ ಎಂಬವನು ಹಿಟ್ಟೈಟ್ ಭಾಷೆಯನ್ನು ಓದಿದ ಮೇಲೆ ಲಿಟ್ಟಿನ ಪ್ರಾಚೀನ ಸ್ವರೂಪದ ವಿಚಾರವಾಗಿಯೇ ಹೊಸ ವಾದಗಳೆದ್ದುವು. ‘ವೇದ’ವು ಮೊದಲು ಇಮ್ಮಡಿಯಾಗಿದ್ದು ಬಳಿಕ ಅದನ್ನು ಕಳೆದುಕೊಂಡಿತೇ, ಅಥವಾ ಎಂದೂ ಇಮ್ಮಡಿಯಾಗಿರಲಿಲ್ಲವೇ ಎಂಬುದರಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಆದರೆ ಮೂಲಜರ್ಮಾನಿಕ್ ಇಷ್ಟು ದೂರದ್ದಲ್ಲ. ಅದಕ್ಕೆ ಹೊರಗಿನ ಸಾಕ್ಷಿಗಳೂ ಇದ್ದಾರೆ. ‘ಕಿಂಗ್’ ಎಂಬ ಪದದ ಮೂಲರೂಪವು ‘*ಕುನಿಂಗಜ಼್’ ಎಂದು ಪಂಡಿತರು ಕಟ್ಟಿದರು. ಯಾವ ಜರ್ಮಾನಿಕ್ ಭಾಷೆಯಲ್ಲಿಯೂ ಆ ಕೊನೆಯ ಅಕ್ಷರಗಳು ಪೂರ್ತಿಯಾಗಿ ಉಳಿದಿಲ್ಲ. ಫಿನ್ನಿಷ್ ಎಂಬುದು ಬ���ರೆ ಕುಲದ ಭಾಷೆ. ಪುರಾತನಕಾಲದಲ್ಲಿ ನೆರೆಯವರಿಂದ ಸಾಲ ಪಡೆದ ಪದವನ್ನು ಅದು ಇಂದಿಗೂ ‘ಕುನಿಂಗಸ್’ ಎಂದೇ ಆಡುತ್ತಿದೆ.

ಹಳೆಯ ಹಾಳೆಗಳೂ ಆಗಾಗ ಬೆಳಕಿಗೆ ಬರುತ್ತವೆ. ೧೯೭೦ರಲ್ಲಿ ಜರ್ಮನಿಯ ಸ್ಪೈಯರ್ ನಗರದ ಪ್ರಧಾನ ದೇವಾಲಯದಲ್ಲಿ ರಜತಗ್ರಂಥದ ಕಳೆದುಹೋಗಿದ್ದ ಹಾಳೆಯೊಂದು ಸಿಕ್ಕಿತು. ಮಾರ್ಕನ ಸುವಾರ್ತೆಯ ಕೊನೆಯ ಭಾಗ ಅದರಲ್ಲಿತ್ತು. ಬಣ್ಣಕ್ಕೆ ಜರ್ಮನ್ನಿನಲ್ಲಿ ‘ಫ಼ಾರ್ಬೆ’ ಎಂದು ಹೆಸರು. ಅದರ ಗಾಥಿಕ್ ಸಂಬಂಧಿಯು ಆ ವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಹಾಳೆಯಲ್ಲಿ ಅದು ಬೆಳ್ಳಿಯ ಅಕ್ಷರಗಳಲ್ಲಿ ಬರೆದಿತ್ತು, ‘ಕಾಣುವ ರೂಪ’ ಎಂಬ ಅರ್ಥದಲ್ಲಿ.